‘ಒಂದೇ ಕಿಟಕಿ’ಗೆ ಕೆಲವು ಸಲಹೆಗಳು

ಫೆಬ್ರವರಿ 3

ನಾದಿನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನೀನು ಮಾಡಿ ಕಳಿಸಿದ ‘ಒಂದೇ ಕಿಟಕಿ’ ಒಂದನ್ನು ಬಿಟ್ಟು.

ಮೊನ್ನೆ ಫೋನಿನಲ್ಲಿ ನಾನು ಕೂಗಿದ್ದು, ನೀನು ಕೂಗಿದ್ದು, ಆಮೇಲೆ ಇಬ್ಬರೂ ಒಟ್ಟಿಗೆ ಕೂಗಿದ್ದು ಪಕ್ಕದ ಮನೆಯವರಿಗೆಲ್ಲ ಬಾಯಿಪಾಠವಾಗಿದೆ. ನಿನ್ನ ಅಣ್ಣ ಯಾರದೋ ಕನ್ನಡಕದ ಗಾಜು ಉಜ್ಜುತ್ತಲೇ ತೀರ್ಪು ಕೊಟ್ಟರು: “ಆ ಕಂಪ್ಯೂಟರ್ ವಿಷಯ ಇನ್ಮೇಲೆ ಫೋನಲ್ಲಿ ಬೇಡ. ಬರ್ಕೊಳ್ಳಿ. ಬರೆಯೋವಾಗ ಅರ್ಧ ಸಿಟ್ಟು ಪೆನ್ನಿಗೆ ಹೋಗುತ್ತೆ.” ಉಳಿದರ್ಧ ಕೆಳಗಿದೆ, ಓದು.

ನಿನ್ನ ಕಿಟಕಿಯಲ್ಲೇ ‘ನಿಮ್ಮ ಸಲಹೆ’ ಎಂಬ ಡಬ್ಬಿ ಇದೆ, ನಿಜ. ಅದರಲ್ಲಿ ಬರೆದು ಒತ್ತಿದರೆ ‘ನಿಮ್ಮ ಸಲಹೆ ಅಮೂಲ್ಯ’ ಎಂದು ಹೇಳಿ ಬರೆದದ್ದನ್ನೆಲ್ಲ ಅಳಿಸಿಬಿಡುತ್ತದೆ. ಅಮೂಲ್ಯವಾದದ್ದನ್ನು ಯಾರೂ ಹಾಗೆ ನುಂಗುವುದಿಲ್ಲ.

ನನ್ನ ಕೆಲಸ ಏನೆಂದು ನೀನು ಮರೆತ ಹಾಗಿದೆ, ಇನ್ನೊಮ್ಮೆ ಹೇಳುತ್ತೇನೆ. ನೀರು ಸರಬರಾಜು ಕಚೇರಿಯಲ್ಲಿ ನನ್ನದು ದೂರಿನ ಟೇಬಲ್. ಮೊದಲು ಜನ ಬಾಗಿಲಿಗೆ ಬಂದು ಬೈಯುತ್ತಿದ್ದರು. ಈಗ ನಾಲ್ಕು ಜಾಲತಾಣಗಳಲ್ಲಿ ಬೈಯುತ್ತಾರೆ. ನಾಲ್ಕನ್ನೂ ತೆರೆದಿಟ್ಟು, ಇದರಿಂದ ಅದಕ್ಕೆ ಅದರಿಂದ ಇದಕ್ಕೆ ಹಾರುತ್ತಿದ್ದವಳಿಗೆ, ನಾಲ್ಕನ್ನೂ ಒಂದೇ ಕಡೆ ತೋರಿಸುತ್ತೇನೆ ಎಂದು ನೀನು ಇದನ್ನು ಕೊಟ್ಟೆ. ಕಿಟಕಿ ಒಂದಾಯಿತು, ಕಿರಿಕಿರಿ ನೂರೊಂದಾಯಿತು.

ಸಲಹೆ: ನಿನ್ನ ಕಿಟಕಿ ಯಾರಿಗೆ ಹೆಚ್ಚು ಲೈಕು ಬಿದ್ದಿದೆಯೋ ಅವರನ್ನು ಮೇಲೆ ಹತ್ತಿಸುತ್ತದೆ. ಇದು ನೀರಮ್ಮ, ನಾಟಕವಲ್ಲ. ಮಹಡಿ ಮನೆಯ ಯುವಕ ಸ್ನಾನಕ್ಕೆ ನೀರಿಲ್ಲ ಎಂದು ಹಾಡು ಕಟ್ಟಿ ಹಾಕಿದರೆ ಅವನು ಮೇಲೆ. ಕೆರೆದಂಡೆ ಬೀದಿಯ ಹೆರಿಗೆ ಮನೆಯವರು ‘ಬೆಳಿಗ್ಗೆಯಿಂದ ನೀರಿಲ್ಲ’ ಎಂದು ಬರೆದರೆ ಅವರು ಪಾತಾಳದಲ್ಲಿ. ಲೈಕು ಇದ್ದವನಿಗೆ ಟ್ಯಾಂಕು, ಇಲ್ಲದವನಿಗೆ ಬ್ಲ್ಯಾಂಕು! ಯಾರು ಮೊದಲು ಬರೆದರೋ ಅವರು ಮೊದಲು ಕಾಣಬೇಕು.

ಇನ್ನೊಂದು. ನಾನು ಒಂದು ಕಡೆ ಕೊಟ್ಟ ಉತ್ತರ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಮೊನ್ನೆ ನಮ್ಮ ಇಂಜಿನಿಯರ್ ಸಾಹೇಬರು ತಮ್ಮ ಮದುವೆಯ ಇಪ್ಪತ್ತೈದನೇ ವರ್ಷದ ಫೋಟೋ ಹಾಕಿದ್ದರು, ಗಂಡ ಹೆಂಡತಿ ಕೈ ಹಿಡಿದುಕೊಂಡು. ಅದರ ಕೆಳಗೆ ನಮ್ಮ ಕಚೇರಿಯ ಹೆಸರಿನಲ್ಲಿ ನನ್ನ ಉತ್ತರ: ‘ಪೈಪು ತುಂಬಾ ಹಳೆಯದಾಗಿದೆ. ಶೀಘ್ರದಲ್ಲೇ ಬದಲಾಯಿಸಲಾಗುವುದು.’

ನಗಬೇಡ. ಜೂನ್ ಕೊನೆಯವರೆಗೆ ಪರೀಕ್ಷೆ ಎಂದು ಸಾಹೇಬರು ಹೇಳಿದ್ದಾರೆ. ದೂರುಗಳು ಬೇಗ ಮುಗಿದರೆ ನಿನ್ನ ಕಿಟಕಿ ಕಚೇರಿಗೆ ಖಾಯಂ, ಟೇಬಲ್ ನನಗೆ ಖಾಯಂ. ಇಲ್ಲದಿದ್ದರೆ ಹೊರಗಿನ ಕಂಪನಿಗೆ ಕೊಡುತ್ತಾರೆ, ನಾನು ವಾಪಸ್ ನೆಲಮಾಳಿಗೆಯ ಬಿಲ್ ವಿಭಾಗಕ್ಕೆ. ಆ ಕೋಣೆ ನಿನಗೆ ಗೊತ್ತಿಲ್ಲ. ಅರ್ಧ ಆಯಸ್ಸು ಅಲ್ಲೇ ಕಳೆದಿದ್ದೇನೆ. ಬಿಲ್ ಅಚ್ಚು ಹಾಕುವ ಯಂತ್ರ ದಿನವಿಡೀ ಟರ್ರ್ ಎನ್ನುತ್ತದೆ, ಅದು ನಿಂತ ದಿನ ನನ್ನ ಕಿವಿಯೇ ಹೋಯಿತು ಅನ್ನಿಸುತ್ತಿತ್ತು. ಅಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಇಲ್ಲಿ ಕನಿಷ್ಠ ಜನ ಬೈಯುತ್ತಾರೆ, ಬೈದ ಮೇಲೆ ಹತ್ತರಲ್ಲಿ ಒಬ್ಬರು ‘ನೀರು ಬಂತು’ ಅಂತ ಬರೆಯುತ್ತಾರೆ.

ಬೇಗ ಸರಿಮಾಡು.

ಇಂತಿ,
ನಿನ್ನ ಏಕೈಕ ಗ್ರಾಹಕಿ, ಅತ್ತಿಗೆ


ಫೆಬ್ರವರಿ 9

ಅತ್ತಿಗೆ,

ನಕ್ಕೆ, ಕ್ಷಮಿಸಿ. ಕೆಳಗಿನ ಸೈಕಲ್ ರಿಪೇರಿಯವರು “ಏನಮ್ಮ ಮೇಲೆ, ಎಲ್ಲಾ ಸರೀನಾ?” ಅಂತ ಕೇಳುವಷ್ಟು ನಕ್ಕೆ.

ಎರಡನ್ನೂ ಸರಿ ಮಾಡಿ ಕಳಿಸಿದ್ದೇನೆ. ಈಗ ಮೊದಲು ಬಂದವರು ಮೊದಲು. ಉತ್ತರ ಎಲ್ಲಿಗೆ ಹೋಗುತ್ತದೆ ಎಂದು ಹೋಗುವ ಮುಂಚೆ ಕೇಳುತ್ತದೆ. ಸಲಹೆ ಡಬ್ಬಿಯನ್ನು ತೆಗೆದೇ ಹಾಕಿದೆ. ನಿಮ್ಮ ಪತ್ರಗಳಿಗಿಂತ ದೊಡ್ಡ ಡಬ್ಬಿ ನನಗೆ ಮಾಡಲು ಬರುವುದಿಲ್ಲ.

ನೀವು ಏಕೈಕ ಗ್ರಾಹಕಿ ಎನ್ನುವುದು ತಮಾಷೆಯಲ್ಲ. ಕೆಲಸ ಬಿಟ್ಟು ಈ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಮಾಡಿರುವುದು ಇದೊಂದೇ. ನಿಮ್ಮ ಕಚೇರಿ ಒಪ್ಪಿದರೆ ಬೇರೆ ಕಚೇರಿಗಳ ಬಾಗಿಲು ತಟ್ಟಬಹುದು. ಆದ್ದರಿಂದ ಬೈಯಿರಿ, ಆದರೆ ವಿವರವಾಗಿ ಬೈಯಿರಿ.

ಅಣ್ಣನಿಗೆ ಹೇಳಿ, ನನ್ನ ಸಿಟ್ಟು ಪೆನ್ನಿಗೆ ಹೋಗುತ್ತಿಲ್ಲ, ಪೆನ್ನಿನ ಮುಚ್ಚಳಕ್ಕೆ ಹೋಗುತ್ತಿದೆ. ಕಚ್ಚಿ ಕಚ್ಚಿ ಚಪ್ಪಟೆಯಾಗಿದೆ.

ನಿಮ್ಮ ನಾದಿನಿ


ಮಾರ್ಚ್ 2

ನಾದಿನಿಗೆ,

ಸರಿಯಾಗಿದೆ. ಹೊಗಳಿದ್ದೇನೆ, ಬರೆದಿಟ್ಟುಕೋ, ಮತ್ತೆ ಸಿಗುವುದಿಲ್ಲ.

ಹೊಸ ತಲೆನೋವು: ಒಬ್ಬ ಮಹಾಶಯನಿಗೆ ನಲ್ಲಿ ಸೋರುತ್ತದೆ. ಅದನ್ನೇ ನಾಲ್ಕೂ ಕಡೆ ಹಾಕುತ್ತಾನೆ, ಒಂದೊಂದು ಕಡೆ ಮೂರು ಮೂರು ಸಲ. ನಾಲ್ಕನ್ನೂ ನೀನು ಒಂದೇ ಕಡೆ ಸೇರಿಸಿದ್ದರಿಂದ ನನ್ನ ಮುಂದೆ ಒಂದೇ ನಲ್ಲಿ ಹನ್ನೆರಡು ಸಲ ಸೋರುತ್ತದೆ. ಅದರ ಅಡಿಯಲ್ಲಿ ಬೇರೆಯವರು ಮುಳುಗಿ ಹೋಗುತ್ತಾರೆ.

ಒಂದೇ ಥರ ಇರುವುದನ್ನು ಮಡಿಚಿ ಒಂದರ ಕೆಳಗೆ ಇಡು. ಒಮ್ಮೆ ಹೇಳಿದರೆ ದೂರು, ಹತ್ತು ಸಲ ಹೇಳಿದರೆ ಬೋರು.

ಇದನ್ನೂ ‘ಆಗಲ್ಲ’ ಅನ್ನಬೇಡ. ಸಾಹೇಬರು ದಿನಾ ಟೇಬಲ್ ಪಕ್ಕ ಬಂದು ನಿಂತು, “ಏನಮ್ಮ, ನಿನ್ನೆಯದೇ ಇನ್ನೂ ಮುಗಿದಿಲ್ವಾ?” ಅನ್ನುತ್ತಾರೆ. ಅವರು ಹೋದ ಮೇಲೂ ಅವರ ಹೇರ್ ಆಯಿಲ್ ವಾಸನೆ ಅರ್ಧ ಗಂಟೆ ನಿಂತು ಅದನ್ನೇ ಕೇಳುತ್ತಿರುತ್ತದೆ.

ಇಂತಿ,
ಅತ್ತಿಗೆ


ಮಾರ್ಚ್ 6

ಅತ್ತಿಗೆ,

ಮಡಿಚಿದೆ. ಬರಹ ಒಂದೇ ಥರ ಇದ್ದರೂ ಮಡಿಚುತ್ತದೆ, ಫೋಟೋ ಒಂದೇ ಥರ ಇದ್ದರೂ ಮಡಿಚುತ್ತದೆ. ಹನ್ನೆರಡು ನಲ್ಲಿ ಈಗ ಒಂದೇ ನಲ್ಲಿ.

ನಾನು ಯಾವಾಗ ‘ಆಗಲ್ಲ’ ಅಂದಿದ್ದೆ, ಸ್ವಲ್ಪ ಹೇಳಿ ನೋಡೋಣ?

ನಿಮ್ಮ ನಾದಿನಿ


ಏಪ್ರಿಲ್ 4

ನಾದಿನಿಗೆ,

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳು ನೀನು. ಒಂದೇ ಥರ ಇರುವುದನ್ನು ಮಡಿಚು ಎಂದೆ. ಸರಿ. ‘ಒಂದೇ ಥರ’ ಎಂದರೆ ಏನು ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗೋದಾಮಿನ ಹಿಂದಿನ ಬೀದಿಯಲ್ಲಿ ಒಬ್ಬರು ಮುದುಕರಿದ್ದಾರೆ. ಮಾತು ಬರೆಯುವ ಅಭ್ಯಾಸ ಅವರಿಗಿಲ್ಲ. ದಿನಾ ಬೆಳಿಗ್ಗೆ ನಲ್ಲಿಯಿಂದ ಒಂದು ಗಾಜಿನ ಲೋಟಕ್ಕೆ ನೀರು ಹಿಡಿದು, ಕಿಟಕಿಯ ಕಟ್ಟೆಯ ಮೇಲಿಟ್ಟು, ಫೋಟೋ ತೆಗೆದು ನಮಗೆ ಹಾಕುತ್ತಿದ್ದರು. ಅದೇ ಲೋಟ, ಅದೇ ಕಟ್ಟೆ, ಹಿಂದೆ ಅದೇ ನೀಲಿ ಪರದೆ. ನಿನ್ನ ಕಿಟಕಿ ಅದನ್ನು ‘ಒಂದೇ ಥರ’ ಎಂದು ಮೊದಲನೇ ದಿನದ ಕೆಳಗೆ ಮಡಿಚಿ ಮಡಿಚಿ ಇಟ್ಟಿತು. ಮೊದಲನೇ ದಿನದ ನೀರು ತಿಳಿಯಾಗಿತ್ತು. ನಾನು ನೋಡಿದ್ದು ಅದೊಂದನ್ನೇ. ‘ನೀರು ಚೆನ್ನಾಗಿದೆ ಎಂದು ತಿಳಿಸಿದ್ದಕ್ಕೆ ಧನ್ಯವಾದಗಳು’ ಎಂದು ಉತ್ತರ ಬೇರೆ ಕೊಟ್ಟೆ!

ಮಡಿಕೆ ಬಿಚ್ಚಿ ನೋಡಿದರೆ ಆಮೇಲಿನದು ದಿನದಿಂದ ದಿನಕ್ಕೆ ಹಳದಿಗೆ ತಿರುಗಿದೆ. ಅಕ್ಕಪಕ್ಕದ ಎರಡು ಫೋಟೋ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ಜೊತೆಗಿಟ್ಟರೆ ಒಂದು ನೀರು, ಇನ್ನೊಂದು ಚಹಾ. ಚರಂಡಿ ಪಕ್ಕದ ಪೈಪು ಬಿರುಕು ಬಿಟ್ಟಿತ್ತು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ಮಲಗಿತ್ತು. ಯಾರೂ ಸಾಯಲಿಲ್ಲ. ಹಾಗಂತ ಪತ್ರದಲ್ಲಿ ಬರೆಯಬೇಕಾಗಿ ಬಂತಲ್ಲ, ಅದನ್ನು ಯೋಚಿಸು.

ಗೊತ್ತಾದ ಮೇಲಾದರೂ ಬೇಗ ಆಯಿತೇ? ಆ ಬೀದಿಗೆ ನೀರು ಬಿಡುವ, ನಿಲ್ಲಿಸುವ ವಾಲ್ವ್‌ಮನ್‌ಗೆ ನಾವಿಟ್ಟ ಹೆಸರು ‘ಬಂದೆ-ಬಂದೆ’. ಫೋನಿನಲ್ಲಿ ಅವನು ಹೇಳುವುದು ಅದೊಂದೇ, ಮಾಡದಿರುವುದೂ ಅದೊಂದೇ. ಬೆಳಿಗ್ಗೆಯಿಂದ ಫೋನ್ ಮಾಡಿದೆ. ಬ್ಯುಸಿ. ಆಮೇಲೆ ಎತ್ತಲಿಲ್ಲ. ಆಮೇಲೆ ಎತ್ತಿ, “ಬಂದೆ ಅಕ್ಕಾ ಬಂದೆ, ಯಾವ ಬೀದಿ ಅಂದ್ರಿ?” ಮಧ್ಯಾಹ್ನದ ಊಟ ಮುಗಿಸಿ ಹೋಗಿ ವಾಲ್ವ್ ಮುಚ್ಚಿದ. ಅಷ್ಟು ಹೊತ್ತೂ ಜನ ಅದೇ ನೀರು ಹಿಡಿದರು.

ಆದ್ದರಿಂದ ಕೇಳು. ಮಡಿಚುವುದು ನಿಲ್ಲಲಿ. ಮತ್ತೆ ನನಗೊಂದು ಗುಂಡಿ ಬೇಕು. ದೂರಿನ ಪಕ್ಕದಲ್ಲೇ. ಒತ್ತಿದರೆ ಅದು ಯಾವ ಬೀದಿಯದು ಎಂದು ನೋಡಿ, ಆ ಬೀದಿಯ ವಾಲ್ವ್‌ಮನ್ ಫೋನಿಗೆ ಫೋಟೋ ಸಮೇತ ಹೋಗಬೇಕು. ಅವನು ‘ನೋಡಿದೆ’ ಅಂತ ಒತ್ತುವವರೆಗೆ ಅವನ ಫೋನು ಬಡಿದುಕೊಳ್ಳುತ್ತಲೇ ಇರಬೇಕು.

ಸಾಹೇಬರು ನನಗೆ ಏನೂ ಬೈಯಲಿಲ್ಲ. “ಜೂನ್ ಹತ್ರ ಬಂತಮ್ಮ” ಅಂದರು, ಅಷ್ಟೇ.

ಅತ್ತಿಗೆ


ಏಪ್ರಿಲ್ 9

ಅತ್ತಿಗೆ,

ನಿಮ್ಮ ಪತ್ರ ಓದಿದೆ. ಮಡಿಚುವುದನ್ನು ಅವತ್ತೇ ತೆಗೆದೆ. ಆ ಮುದುಕರಿಗೆ ನನ್ನ ಪರವಾಗಿ ಏನಾದರೂ ಹೇಳಿ.

ಗುಂಡಿ ಕಷ್ಟವಲ್ಲ. ಬೀದಿಯ ಹೆಸರು ಓದಿ ವಾಲ್ವ್‌ಮನ್‌ಗಳನ್ನು ಹುಡುಕುವುದಷ್ಟೇ. ಹತ್ತು ದಿನ ಕೊಡಿ, ಕಳಿಸುತ್ತೇನೆ.

ನಾದಿನಿ


ಏಪ್ರಿಲ್ 20

ಅಣ್ಣಾ,

ಇದನ್ನು ನಿನ್ನ ಕನ್ನಡಕದ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಓದಿ ಹರಿದುಹಾಕು. ಅತ್ತಿಗೆಗೆ ಹೇಳಬೇಡ.

ಗುಂಡಿ ಸಿದ್ಧವಾಗಿದೆ. ನನ್ನ ಇಷ್ಟು ದಿನದ ಕೆಲಸದಲ್ಲಿ ಅಷ್ಟು ಚೆನ್ನಾಗಿ ಬೇರೆ ಯಾವುದೂ ಬಂದಿಲ್ಲ. ಅದನ್ನು ಕಳಿಸಬೇಕೆಂದಿದ್ದ ದಿನ ಇಂಜಿನಿಯರ್ ಫೋನ್ ಮಾಡಿದರು. “ನಿಮ್ಮ ಅತ್ತಿಗೆ ಯಾವುದೋ ಗುಂಡಿ ಅಂತಿದ್ರು. ಯಾವ ಬೀದಿ, ಯಾವ ವಾಲ್ವ್‌ಮನ್ ಅಂತ ಅದಕ್ಕೇ ಗೊತ್ತಾಗುತ್ತಾ?” ಅಂದರು. ಗೊತ್ತಾಗುತ್ತೆ ಸರ್ ಎಂದು ಎದೆಯುಬ್ಬಿಸಿ ಹೇಳಿದೆ. “ಹಾಗಾದ್ರೆ ಒತ್ತೋಕೆ ಒಬ್ರು ಯಾಕೆ ಬೇಕು ಮೇಡಂ? ಅದೇ ಒತ್ಕೊಳ್ಳಲ್ವಾ?”

ಒತ್ತಿಕೊಳ್ಳುತ್ತೆ ಅಣ್ಣಾ. ಒಂದೇ ಸಾಲು ಬದಲಿಸಿದರೆ ಸಾಕು.

“ಸರಿ ಹಾಗಾದ್ರೆ, ಆ ಟೇಬಲ್ಲೇ ತೆಗೆದುಬಿಡಬಹುದು. ಬಿಲ್ ವಿಭಾಗದಲ್ಲಿ ಜಾಗ ಇದೆ. ಅವರಿಗೆ ಈಗ್ಲೇ ಹೇಳೋದು ಬೇಡ, ಬೇಜಾರ್ ಮಾಡ್ಕೋತಾರೆ.”

ಮಾರನೇ ದಿನ ನಾನೇ ಫೋನ್ ಮಾಡಿ, ಸರ್ ನೋಡಿದೆ, ಅದು ನನ್ನ ಕೈಲಾಗಲ್ಲ ಎಂದೆ. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ನನ್ನ ಕೆಲಸದ ವಿಷಯದಲ್ಲಿ ಆ ಮಾತು ನಾನು ಯಾರಿಗೂ ಆಡಿದವಳಲ್ಲ. ಅತ್ತಿಗೆಗೂ ಅದನ್ನೇ ಹೇಳಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುಂಡಿಯಿಲ್ಲದೆಯೇ ಜೂನ್ ದಾಟಿದರೆ ಕಿಟಕಿಯೂ ಉಳಿಯುತ್ತದೆ, ಟೇಬಲ್ಲೂ ಉಳಿಯುತ್ತದೆ.

ನಿನ್ನ ತಂಗಿ


ಏಪ್ರಿಲ್ 24

ತಂಗಿ,

ಓದಿದೆ. ಹರಿದೆ.

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲು ಬರುತ್ತದೆ. ಆದರೆ ನಿನ್ನ ಅತ್ತಿಗೆ ನಾನು ಸುಮ್ಮನಿರುವುದರಲ್ಲೂ ಬಗೆ ಬಗೆ ಇದೆ ಎನ್ನುತ್ತಾಳೆ. ನಿನ್ನೆ ರಾತ್ರಿ ಊಟದಲ್ಲಿ, “ಇದು ಯಾವ ಸುಮ್ಮನೆ?” ಎಂದು ಕೇಳಿದಳು.

ಬೇಗ ಏನಾದರೂ ಮಾಡು.

ಅಣ್ಣ


ಏಪ್ರಿಲ್ 26

ಅತ್ತಿಗೆ,

ಗುಂಡಿ ಅಂದುಕೊಂಡಷ್ಟು ಸುಲಭವಿಲ್ಲ. ನಿಮ್ಮ ಊರಿನಲ್ಲಿ ಒಂದೇ ಹೆಸರಿನ ಬೀದಿಗಳು ಎರಡೆರಡಿವೆ. ತಾಂತ್ರಿಕ ತೊಂದರೆ. ಬಲವಂತ ಮಾಡಬೇಡಿ.

ಬದಲಿಗೆ ಬಣ್ಣಗಳನ್ನು ಹಾಕಿದ್ದೇನೆ. ಹಳೆಯ ದೂರು ಕೆಂಪು, ಹೊಸದು ಹಸಿರು. ನೋಡಲು ಚೆನ್ನಾಗಿದೆ.

ನಾದಿನಿ


ಮೇ 15

ನಾದಿನಿಗೆ,

ಬಣ್ಣ ನೋಡಿದೆ. ಬಾಯಾರಿದವನಿಗೆ ಬಣ್ಣ ಬಳಿದ ಬಾಟಲಿ.

ಒಂದೇ ಹೆಸರಿನ ಬೀದಿ ಎರಡಿವೆ ಎಂದೆಯಲ್ಲ, ಎಲ್ಲಿವೆ? ನಕ್ಷೆ ಹರಡಿ ಇಡೀ ಭಾನುವಾರ ಹುಡುಕಿದೆ. ನಿನ್ನ ಅಣ್ಣನನ್ನೂ ಕೂರಿಸಿಕೊಂಡೆ. ಅವರು ಭೂತಗನ್ನಡಿ ಹಿಡಿದು ನೋಡುವ ಹಾಗೆ ಮಾಡಿದರು, ನನ್ನ ಮುಖ ಮಾತ್ರ ನೋಡಲಿಲ್ಲ. ಒಂದೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಿನಗೆ ಬರುವುದಿಲ್ಲ ಎನ್ನು, ಒಪ್ಪುತ್ತೇನೆ. ಎಲ್ಲರಿಗೂ ಎಲ್ಲವೂ ಬರಬೇಕೆಂದೇನಿಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ, ಹೇಳಿಕೊಳ್ಳುತ್ತೇನೆ. ಆದರೆ ಒಂದು ತಿಂಗಳಿಂದ ಅದು ಇದು ಎಂದು ನನ್ನನ್ನು ಕಾಯಿಸುತ್ತಿದ್ದೀಯ. ಇತ್ತ ದಿನಾ ಅದೇ ಗೋಳು. ದೂರು ಓದು, ಡೈರಿಯಲ್ಲಿ ನಂಬರು ಹುಡುಕು, ಫೋನ್ ಮಾಡು, “ಬಂದೆ ಅಕ್ಕಾ.” ಮೊನ್ನೆ ಶಾಲೆಯ ಟ್ಯಾಂಕು ಖಾಲಿ ಎಂದು ಹೆಡ್‌ಮಿಸ್ಸು ಬೆಳಿಗ್ಗೆ ಬರೆದರು. ವಾಲ್ವ್ ತಿರುಗಿದ್ದು ಮಕ್ಕಳು ಮನೆಗೆ ಹೋದ ಮೇಲೆ.

ಇದು ನನ್ನ ಟೇಬಲ್ ಪ್ರಶ್ನೆ ಎಂದು ನಿನಗೆ ಗೊತ್ತು. ಗೊತ್ತಿದ್ದೂ ಹೀಗೆ ಮಾಡಿದರೆ ನಾನು ಏನೆಂದುಕೊಳ್ಳಬೇಕು? ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನ್ನ ಬಾಚಣಿಗೆ ಬಚ್ಚಿಟ್ಟು ಹುಡುಕಿಸುತ್ತಿದ್ದೆಯಲ್ಲ, ಅದೇ ಬುದ್ಧಿಯೋ?

ಅತ್ತಿಗೆ


ಜೂನ್ 6

ನಾದಿನಿಗೆ,

ನಿನ್ನಿಂದ ಉತ್ತರ ಬರಲಿಲ್ಲ. ಬರುವ ಹಾಗೆ ನಾನು ಬರೆದಿರಲಿಲ್ಲ, ಅದೂ ನಿಜ.

ನಿನ್ನೆ ಮೀಟಿಂಗಿನಲ್ಲಿ ಸಾಹೇಬರು ಎಲ್ಲರ ಮುಂದೆ ಕೇಳಿದರು: “ಆ ಗುಂಡಿ ಇನ್ನೂ ಆಗ್ಲಿಲ್ವೇನಮ್ಮ?” ನಾನು ಹೇಳಿಬಿಟ್ಟೆ. “ಸರ್, ನಮ್ಮ ನಾದಿನಿಗೆ ಅದು ಬರಲ್ಲ. ಬೇರೆ ಯಾರನ್ನಾದ್ರೂ ಕೇಳಿ.”

ಮಧ್ಯಾಹ್ನವೇ ಹೊರಗಿನ ಕಂಪನಿಯಿಂದ ಒಬ್ಬ ಬಂದ. ಟೈ ಕಟ್ಟಿಕೊಂಡಿದ್ದ, ಟೈ ಮೇಲೆ ಪುಟ್ಟ ಪುಟ್ಟ ಬಾತುಕೋಳಿಗಳಿದ್ದವು. ಗುಂಡಿಯ ವಿಷಯ ಕೇಳಿ, “ಅಷ್ಟೇನಾ? ಎರಡು ದಿನ” ಅಂದ. ಎರಡು ದಿನ! ಎರಡು ತಿಂಗಳಾದರೂ ನೀನು ಬಣ್ಣ ಬಿಟ್ಟು ಇನ್ನೇನೂ ಕಳಿಸಲಿಲ್ಲ.

ತಿಂಗಳ ಕೊನೆಗೆ ನಿನ್ನ ಕಿಟಕಿ ಮುಚ್ಚಿ ಅವರದನ್ನು ಹಾಕುತ್ತಾರೆ. ನಿನಗೆ ಎಷ್ಟು ಪೆಟ್ಟು ಎಂದು ನನಗೆ ಗೊತ್ತು. ಆದರೆ ಅವರು ಕೊಡುವುದು ಕಿಟಕಿ ಮಾತ್ರವಂತೆ, ಜನರನ್ನಲ್ಲ. ಗುಂಡಿ ಬಂದರೆ ದೂರು ಬೇಗ ಮುಗಿಯುತ್ತದೆ, ನನ್ನ ಟೇಬಲ್ ಉಳಿಯುತ್ತದೆ. ನಾನಾದರೂ ಇನ್ನೇನು ಮಾಡಲಿ? ಇಬ್ಬರೂ ಮುಳುಗುವುದಕ್ಕಿಂತ ಒಬ್ಬಳಾದರೂ ದಡ ಸೇರಲಿ.

ಸಿಟ್ಟಿದ್ದರೆ ಬರೆ. ಸುಮ್ಮನಿರಬೇಡ, ಸುಮ್ಮನಿರುವವರು ಮನೆಯಲ್ಲೇ ಒಬ್ಬರಿದ್ದಾರೆ.

ಅತ್ತಿಗೆ


ಜೂನ್ 8

ತಂಗಿ,

ಹೇಳಿದೆ.

ಅವಳು ಸಂಜೆ ಕಚೇರಿಯಿಂದ ಬಂದು, ಹೊಸ ಗುಂಡಿ ಬಂದ ಮೇಲೆ ಟೇಬಲ್ ಮೇಲೆ ಏನೇನು ಎಲ್ಲೆಲ್ಲಿ ಇಡಬೇಕೆಂದು ನನಗೆ ಹೇಳುತ್ತಿದ್ದಳು. ಡೈರಿ ಇನ್ನು ಬೇಡ, ಆ ಜಾಗದಲ್ಲಿ ಒಂದು ಹೂಕುಂಡ ಇಡುತ್ತೇನೆ ಎಂದಳು. ಕೇಳಲಾಗಲಿಲ್ಲ.

ಎಲ್ಲ ಕೇಳಿಸಿಕೊಂಡಳು. ಹೋಗಿ ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳನ್ನು.

ಅಣ್ಣ


ಜೂನ್ 12

ನಾದಿನಿಗೆ,

ನಿನ್ನ ಅಣ್ಣನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಸಾಹೇಬರ ಕೋಣೆಗೆ ಹೋದೆ.

“ಸರ್, ನನ್ನ ನಾದಿನಿಗೆ ಆ ಗುಂಡಿ ಮಾಡೋಕೆ ಬರುತ್ತೆ. ಏಪ್ರಿಲ್‌ನಲ್ಲೇ ಮಾಡಿಟ್ಟಿದ್ದಾಳೆ” ಎಂದೆ.

“ಮತ್ತೆ ಕೈಲಾಗಲ್ಲ ಅಂದ್ರಲ್ಲ?”

“ಸುಳ್ಳು ಹೇಳಿದ್ಲು.”

“ಯಾಕೆ?”

“ನನ್ನ ಟೇಬಲ್‌ಗೋಸ್ಕರ.”

ಸಾಹೇಬರು ಫ್ಯಾನ್ ನೋಡಿದರು. ಆಮೇಲೆ, “ಕೂತ್ಕೊಳ್ಳಿ” ಎಂದರು. ಈ ಕಚೇರಿ ಸೇರಿದಂದಿನಿಂದ ಅವರು ನನಗೆ ಆ ಮಾತು ಹೇಳಿದ್ದು ಇದೇ ಮೊದಲು. ನಾನು ಕೂರಲಿಲ್ಲ. ಟೇಬಲ್ ಹೇಗಿದ್ದರೂ ಹೋಗುತ್ತದೆ, ಬಾತುಕೋಳಿ ಟೈಯವನು ಬಂದರೂ ಹೋಗುತ್ತದೆ, ನನ್ನ ನಾದಿನಿ ಬಂದರೂ ಹೋಗುತ್ತದೆ, ಅವಳ ಕಿಟಕಿಯನ್ನು ಇಷ್ಟು ತಿಂಗಳು ಒರೆಸಿದವಳು ನಾನು, ಅದನ್ನೇ ಇಟ್ಟುಕೊಳ್ಳಿ ಎಂದೆ. ಯೋಚಿಸುತ್ತೇನೆ ಎಂದರು. ಸಂಜೆ ಸರಿ ಎಂದರು. ನಿನಗೆ ಫೋನ್ ಬರುತ್ತದೆ.

ಇದಕ್ಕೆ ನೀನು ಥ್ಯಾಂಕ್ಸ್ ಹೇಳಿದರೆ ನಾನು ಆ ಕಾಗದವನ್ನು ಓದುವುದಿಲ್ಲ.

ನನ್ನ ಒಳ್ಳೆಯದು ಯಾವುದೆಂದು ನನ್ನನ್ನು ಕೇಳದೆ ತೀರ್ಮಾನಿಸಲು ನಿನಗೆ ಯಾರು ಹೇಳಿದರು? ನೀನೂ ನಿನ್ನ ಅಣ್ಣನೂ ಸಾಹೇಬರೂ ಮೂವರಿಗೂ ಗೊತ್ತು, ಟೇಬಲ್ ಹಿಂದೆ ಕೂತವಳೊಬ್ಬಳಿಗೆ ಗೊತ್ತಿಲ್ಲ. ನಾನು ದಡ್ಡಿಯ ಹಾಗೆ ನಕ್ಷೆ ಹರಡಿಕೊಂಡು ಬೀದಿ ಹುಡುಕಿದೆ. ಎಲ್ಲರ ಮುಂದೆ ನಿಂತು ಅವಳಿಗೆ ಬರುವುದಿಲ್ಲ ಎಂದೆ. ಆ ಮಾತನ್ನು ನನ್ನ ಬಾಯಿಂದ ಹೇಳಿಸಿದವಳು ನೀನು.

ಇನ್ನೂ ಇದೆ. ಎರಡು ತಿಂಗಳು ಆ ಗುಂಡಿ ನಿನ್ನ ಹತ್ತಿರ ಸುಮ್ಮನೆ ಕೂತಿತ್ತು. ಇಲ್ಲಿ ಜನ ಬಕೆಟ್ ಇಟ್ಟುಕೊಂಡು ಕಾಯುತ್ತಿದ್ದರು. ಆ ಶಾಲೆಯ ಮಕ್ಕಳು ನೀರಿಲ್ಲದೆ ಕೂತಿದ್ದು ನನ್ನ ಟೇಬಲ್ ಉಳಿಯಲಿ ಎಂದು. ನನಗೆ ಅದು ಬೇಕಿತ್ತೇ ಎಂದು ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಅತ್ತಿಗೆ


ಜೂನ್ 16

ಅತ್ತಿಗೆ,

ನಿಮ್ಮ ಪತ್ರದಲ್ಲಿ ಒಂದೂ ಪ್ರಾಸ ಇರಲಿಲ್ಲ. ಓದುತ್ತಾ ಓದುತ್ತಾ ಭಯವಾಯಿತು.

ಕೇಳಿದ್ದರೆ ಏನು ಹೇಳುತ್ತಿದ್ದಿರಿ? ‘ಗುಂಡಿ ಹಾಕು’ ಎನ್ನುತ್ತಿದ್ದಿರಿ. ಅದಕ್ಕೇ ಕೇಳಲಿಲ್ಲ.

ಇಂಜಿನಿಯರ್ ಫೋನ್ ಮಾಡಿದ್ದರು. ನಾನು ಇನ್ನೂ ಹ್ಞೂಂ ಅಂದಿಲ್ಲ. ಬೇರೆ ಯಾವುದಾದರೂ ಕಚೇರಿ ಸಿಗುತ್ತದೆ. ನಿಮ್ಮನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ನನ್ನ ಯಂತ್ರವನ್ನು ಕೂರಿಸುವುದು ನನ್ನಿಂದ ಆಗಲ್ಲ. ಇದು ಸುಳ್ಳಲ್ಲ. ನಿಜವಾಗಿಯೂ ಆಗಲ್ಲ.

ನಾದಿನಿ


ಜೂನ್ 20

ಹಾಕು. ನೀನು ಹಾಕದಿದ್ದರೆ ಬಾತುಕೋಳಿ ಹಾಕುತ್ತಾನೆ. ಅವನಿಗೆ ಗೋದಾಮು ಬೀದಿ ಯಾವುದು, ಅಲ್ಲಿ ಬರೆಯದೆ ಬರೀ ಫೋಟೋ ಹಾಕುವವರು ಯಾರು ಎಂದು ಹೇಳಿಕೊಡಲು ನನಗೆ ಪುರುಸೊತ್ತಿಲ್ಲ. ನಿನಗಾದರೆ ಹೇಳಿ ಆಗಿದೆ.

ಜೊತೆಯಲ್ಲಿ ವಾಲ್ವ್‌ಮನ್‌ಗಳ ನಂಬರುಗಳಿವೆ. ನನ್ನ ಡೈರಿಯಿಂದ ಎತ್ತಿ ಬರೆದಿದ್ದೇನೆ. ನಕ್ಷತ್ರ ಹಾಕಿರುವವರಿಗೆ ಮಧ್ಯಾಹ್ನದ ಮೇಲೆ ಕಿವಿ ಕೇಳಿಸುವುದಿಲ್ಲ, ಫೋನು ಜೋರಾಗಿ ಬಡಿದುಕೊಳ್ಳಲಿ.

ಅತ್ತಿಗೆ


ಆಗಸ್ಟ್ 11

ನಾದಿನಿಗೆ,

ನಿನ್ನ ಮೂರೂ ಕಾಗದ ಬಂದವು. ಉತ್ತರ ಕೊಡಲಿಲ್ಲ, ಏಕೆಂದರೆ ಕೊಡಲು ಒಳ್ಳೆಯ ಮಾತು ಇರಲಿಲ್ಲ. ಈಗಲೂ ಇಲ್ಲ. ಆದರೆ ಕೆಲಸದ ವಿಷಯ ತಿಳಿಸಬೇಕು.

ನೆಲಮಾಳಿಗೆ ಹೇಗಿತ್ತೋ ಹಾಗೇ ಇದೆ. ಯಂತ್ರ ಮಾತ್ರ ಹೊಸದು. ಟರ್ರ್ ಎನ್ನುವುದಿಲ್ಲ, ಗುಂಯ್ ಎನ್ನುತ್ತದೆ. ಎದುರಿಗೆ ಕೂರುವ ಹುಡುಗಿ ಕಿವಿಗೆ ಏನೋ ಸಿಕ್ಕಿಸಿಕೊಂಡು ದಿನವಿಡೀ ತನ್ನಷ್ಟಕ್ಕೆ ತಾನು ನಗುತ್ತಾಳೆ. ಮೊದಲ ವಾರ ನನ್ನನ್ನು ನೋಡಿ ನಗುತ್ತಾಳೆಂದುಕೊಂಡು ನಾನೂ ನಗುತ್ತಿದ್ದೆ.

ಬುಧವಾರ ನನ್ನ ತಲೆಯ ಮೇಲಿನ ಪೈಪಿನ ಸಂದಿಯಿಂದ ಹನಿ ಬೀಳಲು ಶುರುವಾಯಿತು. ಬಿಲ್ಲಿನ ಕಟ್ಟುಗಳ ಮೇಲೆಯೇ. ಮೇಲೆ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಫೋನು ತೆಗೆದು ಪೈಪಿನ ಫೋಟೋ ಹಿಡಿದು, ಊರಿನವರೆಲ್ಲ ಹಾಕುವ ಹಾಗೆ ನಾನೂ ಹಾಕಿದೆ. ಬೀದಿಯ ಹೆಸರು, ಕಟ್ಟಡ, ನೆಲಮಾಳಿಗೆ. ನನ್ನ ಹೆಸರು ಹಾಕಲಿಲ್ಲ. ಆಮೇಲೆ ಗೋಡೆಯ ಗಡಿಯಾರ ನೋಡುತ್ತಾ ಕೂತೆ. ನಿಜ ಹೇಳುತ್ತೇನೆ, ತಪ್ಪಲಿ ಎಂದು ಕಾಯುತ್ತಾ ಕೂತೆ. ಬೇರೆ ಬೀದಿಗೆ ಹೋಗಲಿ, ಸಾಹೇಬರ ಮನೆಗೆ ಹೋಗಲಿ, ಯಾರಿಗೂ ಸಿಗದೆ ಹೋಗಲಿ. ಆಗ ಒಂದು ಒಳ್ಳೆಯ ಕಾಗದ ಬರೆಯುತ್ತಿದ್ದೆ ನಿನಗೆ. ಮೊದಲ ನಾಲ್ಕು ಸಾಲು ತಲೆಯಲ್ಲಿ ಸಿದ್ಧವೂ ಆಗಿತ್ತು, ಪ್ರಾಸ ಸಮೇತ.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಂದೆ-ಬಂದೆ. ಕಚೇರಿಯ ಬೀದಿಯೂ ಅವನ ಪಾಲಿಗೇ. ಪಾನಾ ಹಿಡಿದುಕೊಂಡು, ಏದುಸಿರು ಬಿಡುತ್ತಾ. ಅವನು ಓಡಿ ಬಂದದ್ದನ್ನು ಈ ಕಚೇರಿಯಲ್ಲಿ ಯಾರೂ ನೋಡಿರಲಿಲ್ಲ.

“ಅಕ್ಕಾ! ನೀವಾ ಕಂಪ್ಲೇಂಟ್ ಕೊಟ್ಟಿದ್ದು?”

“ಹೌದು. ಎಷ್ಟು ಬೇಗ ಬಂದೆಯಲ್ಲೋ.”

“ಏನ್ ಮಾಡ್ಲಿ ಅಕ್ಕಾ, ಒತ್ತೋವರೆಗೂ ಬಿಡಲ್ಲ ಅದು. ಜೇಬಲ್ಲಿ ಕಪ್ಪೆ ಇಟ್ಕೊಂಡಂಗೆ ಕುಣಿಯುತ್ತೆ. ನೀವೇ ವಾಸಿ ಇದ್ರಿ, ನಾಲ್ಕು ಸಲ ಬಂದೆ ಅಂದ್ರೆ ಬಿಟ್ಬಿಡ್ತಿದ್ರಿ.”

ಹತ್ತು ನಿಮಿಷದಲ್ಲಿ ಸಂದಿ ಬಿಗಿದ. ಹೋಗುವಾಗ ಮೆಟ್ಟಿಲ ಮೇಲೆ ನಿಂತು, “ಇಲ್ಲಿ ಕತ್ತಲೆ ಅಲ್ವಾ ಅಕ್ಕಾ?” ಎಂದ. ಕಣ್ಣು ಹೊಂದಿಕೊಳ್ಳುತ್ತೆ ಕಣೋ ಎಂದೆ.

ಲೆಕ್ಕ ಹಾಕಿದೆ. ನಾನಾಗಿದ್ದರೆ ಇದೇ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆ ಟೇಬಲ್ಲಿನಲ್ಲಿ ನಾನು ಚೆನ್ನಾಗಿ ಕೆಲಸ ಮಾಡುತ್ತಿದ್ದೆ ನಾದಿನಿ, ಸುಳ್ಳಲ್ಲ. ಚೆನ್ನಾಗಿ ಮಾಡುತ್ತಿದ್ದರೂ ಅರ್ಧ ದಿನ.

ಒಂದೇ ಒಂದು ಕೊರತೆ ಸಿಕ್ಕಿದ್ದರೆ ಸಾಕಿತ್ತು. ಹುಡುಕಿದೆ. ಇಲ್ಲ. ಗುಂಡಿ ಚೆನ್ನಾಗಿದೆ. ನನಗೆ ಸಿಟ್ಟಿರುವುದೇ ಅದಕ್ಕೆ.

ಸಲಹೆ ಏನೂ ಇಲ್ಲ.

ಅತ್ತಿಗೆ